ನೆಪ್ಚೂನಿನಾಚೆಯ ಬ್ರಹ್ಮ: ನರಗುಂದದ ವೆಂಕಟೇಶ ಕೇತಕರರ ಲೆಕ್ಕ

1911ರ ಮೇ ತಿಂಗಳಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಅಚ್ಚಾಯಿತು. ನೆಪ್ಚೂನಿನ ಆಚೆಗೆ ಇನ್ನೂ ಎರಡು ಗ್ರಹಗಳಿರಬೇಕು ಎಂಬುದು ಅದರ ವಾದ. ಹತ್ತಿರದ್ದಕ್ಕೆ ಬ್ರಹ್ಮ, ದೂರದ್ದಕ್ಕೆ ವಿಷ್ಣು ಎಂದು ಲೇಖಕರು ಹೆಸರಿಟ್ಟಿದ್ದರು. ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರವನ್ನು ಒಂದು ಖಗೋಳಮಾನ ಎಂದು ಹಿಡಿದರೆ, ಬ್ರಹ್ಮ 38.95 ಖಗೋಳಮಾನ ದೂರದಲ್ಲಿದ್ದು 242.28 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ ಎಂದು ಅವರು ಲೆಕ್ಕ ಕೊಟ್ಟಿದ್ದರು.

ಹತ್ತೊಂಬತ್ತು ವರ್ಷ ಕಳೆಯಿತು. 1930ರ ಫೆಬ್ರುವರಿ 18ರಂದು ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೊ ಎಂಬ ತರುಣ ಎರಡು ಛಾಯಾಫಲಕಗಳನ್ನು ಹೋಲಿಸಿ ನೋಡುತ್ತಿದ್ದಾಗ ಚುಕ್ಕಿಯೊಂದು ಜಾಗ ಬದಲಿಸಿದ್ದು ಕಂಡಿತು. ಅದೇ ಪ್ಲೂಟೊ. ಅದರ ಸರಾಸರಿ ದೂರ 39.48 ಖಗೋಳಮಾನ, ಸುತ್ತಿನ ಅವಧಿ ಸುಮಾರು 248 ವರ್ಷ. ಬ್ರಹ್ಮನ ದೂರಕ್ಕೂ ಪ್ಲೂಟೊದ ದೂರಕ್ಕೂ ನೂರಕ್ಕೆ ಎರಡರಷ್ಟೂ ವ್ಯತ್ಯಾಸವಿಲ್ಲ.

ಆ ಲೇಖನ ಬರೆದವರು ವೆಂಕಟೇಶ ಬಾಪೂಜಿ ಕೇತಕರ. ಹುಬ್ಬಳ್ಳಿಯಿಂದ ಈಶಾನ್ಯಕ್ಕೆ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ನರಗುಂದದಲ್ಲಿ ಹುಟ್ಟಿದವರು, ಬಾಳೆಲ್ಲ ಶಾಲಾ ಮಾಸ್ತರಿಕೆ ಮಾಡಿದವರು. ಅವರನ್ನು ನೆನೆದಾಗ ಪ್ಲೂಟೊ ಕಂಡುಹಿಡಿದದ್ದು ನಮ್ಮವರೇ ಎನ್ನುವ ಹುರುಪು ಸಹಜವಾಗಿ ಬರುತ್ತದೆ. ಆದರೆ ಅಂಕಿಯ ಹೊಂದಾಣಿಕೆಗಿಂತ ದೊಡ್ಡ ವಿಷಯ ಆ ಲೇಖನದಲ್ಲಿದೆ. ಕೇತಕರರು ಕೈಗೆತ್ತಿಕೊಂಡ ವಿಧಾನ ಯಾವುದು, ಅದು ಎಲ್ಲಿಂದ ಬಂತು, ಮುಂದೆ ಅದಕ್ಕೆ ಏನಾಯಿತು ಎಂದು ನೋಡಿದರೆ ಗ್ರಹಮಂಡಲಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ನರಗುಂದದಿಂದ ಬಾಗಲಕೋಟೆಗೆ

ಕೇತಕರರು ಹುಟ್ಟಿದ್ದು 1854ರ ಜನವರಿ 18ರಂದು. ನರಗುಂದ ಆಗ ಭಾವೆ ಮನೆತನದ ಸಣ್ಣ ಸಂಸ್ಥಾನ. ವೆಂಕಟೇಶನಿಗೆ ನಾಲ್ಕು ವರ್ಷವಾಗಿದ್ದಾಗ, 1858ರಲ್ಲಿ, ಅಲ್ಲಿಯ ದೊರೆ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ, ಬ್ರಿಟಿಷರ ವಿರುದ್ಧ ಬಂಡೆದ್ದರು. ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಉರುಳಿತು. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹ ಇಟ್ಟುಕೊಂಡಿದ್ದ ವಿದ್ಯಾಪ್ರಿಯ ದೊರೆಯ ಆಶ್ರಯ ಹೀಗೆ ಮುಗಿಯಿತು. ಸಂಸ್ಥಾನ ಧಾರವಾಡ ಜಿಲ್ಲೆಯಲ್ಲಿ ಕರಗಿತು. 1997ರಲ್ಲಿ ಗದಗ ಜಿಲ್ಲೆಯಾಗುವವರೆಗೂ ನರಗುಂದ ಧಾರವಾಡಕ್ಕೇ ಸೇರಿತ್ತು.

ಕೇತಕರರ ತಂದೆ ಬಾಪೂಶಾಸ್ತ್ರಿಗಳು ಜ್ಯೋತಿಷ ಬಲ್ಲವರು. ಮನೆಮಾತು ಮರಾಠಿ. ಹಳೆಯ ವಿದ್ಯೆ ಮನೆಯಲ್ಲಿ ಸಿಕ್ಕಿತು, ಹೊಸ ವಿದ್ಯೆ ಇಂಗ್ಲಿಷ್ ಶಾಲೆಯಲ್ಲಿ. ಮುಂದೆ ಮುಂಬಯಿ ಸರಕಾರದ ಶಿಕ್ಷಣ ಇಲಾಖೆಯಲ್ಲಿ ನೌಕರಿ ಹಿಡಿದು ಬಾಗಲಕೋಟೆಯ ಶಾಲೆಯಲ್ಲಿ ಹೆಡ್‌ಮಾಸ್ತರರಾದರು. ಹಗಲು ಪಾಠ, ಉಳಿದ ಹೊತ್ತು ಗ್ರಹಗಣಿತ.

ಆ ಕಾಲದ ದಖ್ಖನಿನಲ್ಲಿ ಪಂಚಾಂಗ ಮಾಡುವವರ ಕೈಪಿಡಿ ಗಣೇಶ ದೈವಜ್ಞರ 'ಗ್ರಹಲಾಘವ'. 1520ರಲ್ಲಿ ರಚಿತವಾದ ಈ ಗ್ರಂಥದ ಜಾಣತನ ದೊಡ್ಡದು. ಜ್ಯಾ ಕೋಷ್ಟಕಗಳ ಗೋಜಿಲ್ಲದೆ, ದಿನಗಳನ್ನು 4016ರ ಚಕ್ರಗಳಾಗಿ ವಿಂಗಡಿಸಿ, ಸಣ್ಣ ಸಂಖ್ಯೆಗಳಲ್ಲೇ ಗ್ರಹಸ್ಥಾನ ತೆಗೆಯುವ ಉಪಾಯ ಅದರಲ್ಲಿತ್ತು. ಆದರೆ ಮೂರೂವರೆ ಶತಮಾನದಲ್ಲಿ ಲೆಕ್ಕಕ್ಕೂ ಆಕಾಶಕ್ಕೂ ಅಂತರ ಬಿದ್ದಿತ್ತು. ಪಂಚಾಂಗದಲ್ಲಿ ಬರೆದ ಜಾಗದಲ್ಲಿ ಗ್ರಹ ಕಾಣುತ್ತಿರಲಿಲ್ಲ. ನಮ್ಮ ಪರಂಪರೆಯಲ್ಲಿ ಇದಕ್ಕೆ ಹಳೆಯ ಮದ್ದೊಂದಿದೆ. ಕಣ್ಣಿಗೆ ಕಂಡದ್ದಕ್ಕೆ ಗಣಿತ ಹೊಂದುವಂತೆ ಗ್ರಹದ ಮಧ್ಯಮ ಗತಿಗೆ ಅಲ್ಪ ತಿದ್ದುಪಡಿ ಕೊಡುವುದು. ಅದಕ್ಕೆ ಬೀಜ ಸಂಸ್ಕಾರ ಎನ್ನುತ್ತಾರೆ.

ಹತ್ತೊಂಬತ್ತನೆಯ ಶತಮಾನದ ತಲೆಮಾರು ತೇಪೆ ಹಾಕುವುದರಲ್ಲಿ ತೃಪ್ತವಾಗಲಿಲ್ಲ. ಕೇರೋ ಲಕ್ಷ್ಮಣ ಛತ್ರೆಯವರು 1860ರಲ್ಲಿ ಯುರೋಪಿನ ಗಣಿತದ ಆಧಾರದ ಮೇಲೆ ಮರಾಠಿಯಲ್ಲಿ ಗ್ರಹಸಾಧನ ಕೋಷ್ಟಕಗಳನ್ನು ಪ್ರಕಟಿಸಿದರು. ಅದೇ ದಾರಿಯಲ್ಲಿ ಕೇತಕರರು ಇನ್ನೂ ಮುಂದೆ ಹೋದರು. 'ಜ್ಯೋತಿರ್ಗಣಿತಮ್' ಮತ್ತು 'ಕೇತಕೀ ಗ್ರಹಗಣಿತಮ್' ಎಂಬ ಸಂಸ್ಕೃತ ಗ್ರಂಥಗಳಲ್ಲಿ ಆಧುನಿಕ ಖಗೋಳಗಣಿತವನ್ನು ಪಂಚಾಂಗಕರ್ತರು ಬಳಸಬಹುದಾದ ರೂಪಕ್ಕೆ ತಂದರು. ಭಾರತೀಯ ಜ್ಯೋತಿಷದ ಇತಿಹಾಸ ಬರೆದ ಶಂಕರ ಬಾಳಕೃಷ್ಣ ದೀಕ್ಷಿತರು 1896ರಲ್ಲೇ ತಮ್ಮ ಗ್ರಂಥದಲ್ಲಿ ಕೇತಕರರಿಗೆ ಜಾಗ ಕೊಟ್ಟರು. ರಾಶಿಚಕ್ರವನ್ನು ಎಲ್ಲಿಂದ ಎಣಿಸಬೇಕು ಎಂಬ ವಿವಾದದಲ್ಲಿ ಲೋಕಮಾನ್ಯ ತಿಲಕರು ರೇವತಿಯ ಪಕ್ಷ ಹಿಡಿದರೆ ಕೇತಕರರು ಚಿತ್ರಾ ನಕ್ಷತ್ರದ ಪಕ್ಷ ಹಿಡಿದರು. 1955ರಲ್ಲಿ ವರದಿ ಕೊಟ್ಟ ಮೇಘನಾದ ಸಾಹಾ ಅವರ ಪಂಚಾಂಗ ಸುಧಾರಣಾ ಸಮಿತಿ ಒಪ್ಪಿದ್ದು ಚಿತ್ರಾಪಕ್ಷವನ್ನೇ.

ಗುರು ಮತ್ತು ಶನಿಯ ಹಳೆಯ ಒಗಟು

ಆಧುನಿಕ ಗ್ರಹಕೋಷ್ಟಕ ಮಾಡಲು ಹೊರಟವರಿಗೆ ಗುರು ಮತ್ತು ಶನಿ ಎದುರಾಗದೆ ಬಿಡುವುದಿಲ್ಲ. ಹದಿನೇಳನೆಯ ಶತಮಾನದ ಕೊನೆಗೆ ಎಡ್ಮಂಡ್ ಹ್ಯಾಲಿ ಹಳೆಯ ವೀಕ್ಷಣೆಗಳನ್ನು ಹೊಸವುಗಳೊಂದಿಗೆ ಹೋಲಿಸಿದಾಗ ಗುರುವಿನ ಓಟ ಹೆಚ್ಚುತ್ತಿರುವಂತೆಯೂ ಶನಿಯ ಓಟ ಕುಗ್ಗುತ್ತಿರುವಂತೆಯೂ ಕಂಡಿತ್ತು. ಹೀಗೇ ನಡೆದರೆ ಗುರು ಸೂರ್ಯನ ಕಡೆ ಸರಿದು ಶನಿ ಹೊರಗೆ ಹೋಗಬೇಕು. ಆಯ್ಲರ್, ಲಗ್ರಾಂಜ್ ಅಂಥ ಧೀಮಂತರಿಗೂ ಇದು ಬಗೆಹರಿಯಲಿಲ್ಲ.

ಬಿಡಿಸಿದ್ದು ಪಿಯರ್ ಸಿಮೋನ್ ಲಾಪ್ಲಾಸ್, 1785ರಲ್ಲಿ. ಗುರುವಿನ ಒಂದು ಸುತ್ತಿಗೆ 11.86 ವರ್ಷ, ಶನಿಯದಕ್ಕೆ 29.46. ಗುರು ಐದು ಸುತ್ತು ಮುಗಿಸಲು 59.3 ವರ್ಷ ಬೇಕು, ಶನಿ ಎರಡು ಮುಗಿಸಲು 58.9. ಇವೆರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ಒಂದು ಇನ್ನೊಂದನ್ನು ಸೆಳೆಯುವ ಸಂದರ್ಭಗಳು ಸುಮಾರು ಅದೇ ಜಾಗಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಪಂಚಮಿ ಹಬ್ಬದಲ್ಲಿ ಜೋಕಾಲಿ ಜೀಕುವವರಿಗೆ ಇದರ ಮರ್ಮ ಗೊತ್ತು: ಪ್ರತಿ ಸಲವೂ ಸರಿಯಾದ ಹೊತ್ತಿಗೆ ಕೊಟ್ಟ ಸಣ್ಣ ನೂಕು ಸೇರುತ್ತ ಸೇರುತ್ತ ಜೋಕಾಲಿಯನ್ನು ಮರದ ಟೊಂಗೆಯ ಎತ್ತರಕ್ಕೆ ಒಯ್ಯುತ್ತದೆ. ಹೀಗೆ ಸುತ್ತಿನ ಅವಧಿಗಳು ಸಣ್ಣ ಪೂರ್ಣಾಂಕಗಳ ಅನುಪಾತಕ್ಕೆ ಬಂದಾಗ ಉಂಟಾಗುವುದನ್ನು ಕಕ್ಷೀಯ ಅನುರಣನ ಎನ್ನುತ್ತಾರೆ. ಗುರು ಮತ್ತು ಶನಿಯಲ್ಲಿ ಅನುಪಾತ ತುಸು ತಪ್ಪಿರುವುದರಿಂದ ನೂಕು ನಿಧಾನವಾಗಿ ದಿಕ್ಕು ಬದಲಿಸುತ್ತದೆ. ಸುಮಾರು 900 ವರ್ಷಕ್ಕೆ ಒಂದು ಆವರ್ತ. ಅರ್ಧ ಆವರ್ತದಲ್ಲಿ ಒಂದು ಮುಂದೆ, ಇನ್ನರ್ಧದಲ್ಲಿ ಹಿಂದೆ. ಗ್ರಹಮಂಡಲ ಕುಸಿಯುವ ಭಯ ತೀರಿತು.

ಇಲ್ಲೊಂದು ಭಾರತೀಯ ಪ್ರಸಂಗವಿದೆ. ಶುಕ್ರ ಸಂಕ್ರಮಣ ನೋಡಲು ಬಂದು ಪುದುಚೇರಿಯಲ್ಲಿ ತಂಗಿದ್ದ ಲೆ ಜಾಂಟಿಯ್ ಮೊದಲಾದ ಫ್ರೆಂಚರು ದಕ್ಷಿಣ ಭಾರತದ ಗ್ರಹಕೋಷ್ಟಕಗಳನ್ನು ಪ್ಯಾರಿಸಿಗೆ ಒಯ್ದಿದ್ದರು. 1787ರಲ್ಲಿ ಲಾಪ್ಲಾಸ್ ತನ್ನ ಸಿದ್ಧಾಂತವನ್ನು ಕ್ರಿಸ್ತಪೂರ್ವ 3102ಕ್ಕೆ, ಅಂದರೆ ಕಲಿಯುಗದ ಆರಂಭಕ್ಕೆ, ಅನ್ವಯಿಸಿ ನೋಡಿದ. ಆಗ ಶನಿಯ ವಾರ್ಷಿಕ ಗತಿ 12 ಅಂಶ 13 ಕಲೆ 14 ವಿಕಲೆ ಬಂತು. ಭಾರತೀಯ ಕೋಷ್ಟಕದಲ್ಲಿ 12 ಅಂಶ 13 ಕಲೆ 13 ವಿಕಲೆ ಇತ್ತು. ಒಂದೇ ವಿಕಲೆಯ ಅಂತರ! ಕಲಿಯುಗಾರಂಭದಲ್ಲಿ ಭಾರತೀಯರು ನಿಜವಾಗಿಯೂ ಆಕಾಶ ಅಳೆದಿದ್ದರು ಎಂದು ಆಗ ಅವನಿಗೆ ಅನ್ನಿಸಿತು. ಮುಂದೆ ಅವನೇ ಆ ಅಭಿಪ್ರಾಯ ಬಿಟ್ಟ. ಶನಿಯ ಗತಿ ಒಂಬೈನೂರು ವರ್ಷಕ್ಕೊಮ್ಮೆ ಏರಿಳಿಯುವುದರಿಂದ, ಅದೇ ಬೆಲೆ ಬಹಳ ಈಚಿನ ಕಾಲಕ್ಕೂ ಹೊಂದುತ್ತದೆ. ಒಂದು ಅಂಕಿ ಎಷ್ಟೇ ಚೆನ್ನಾಗಿ ಕೂಡಿಬಂದರೂ ಅದರ ಹಿಂದಿನ ಕಾರಣವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು ಎಂಬ ಪಾಠ ಇದರಲ್ಲಿದೆ. ಅದು ಕೇತಕರರ ಬ್ರಹ್ಮನಿಗೂ ಸಲ್ಲುತ್ತದೆ.

ಗುರುವಿನ ಮೂರು ಚಂದ್ರರು

ಲಾಪ್ಲಾಸನ ಇನ್ನೊಂದು ಸಾಧನೆಯೇ ಕೇತಕರರಿಗೆ ದಾರಿ ತೋರಿದ್ದು. 1610ರಲ್ಲಿ ಗೆಲಿಲಿಯೊ ಕಂಡ ಗುರುವಿನ ನಾಲ್ಕು ಚಂದ್ರರಲ್ಲಿ ಒಳಗಿನ ಮೂರು ಅಯೊ, ಯುರೋಪಾ, ಗ್ಯಾನಿಮೀಡ್. ಅವುಗಳ ಸುತ್ತಿಗೆ ಕ್ರಮವಾಗಿ 1.77, 3.55, 7.15 ದಿನ. ಒಂದಕ್ಕೆ ಇನ್ನೊಂದು ಸುಮಾರು ಎರಡು ಪಟ್ಟು. ಅನುಪಾತ ತುಸು ತಪ್ಪಿದೆ, ಆದರೆ ಎರಡೂ ಜೋಡಿಗಳಲ್ಲಿ ತಪ್ಪಿದ ಪ್ರಮಾಣ ಒಂದೇ. ಅಯೊದ ದೈನಂದಿನ ಗತಿ 203.489 ಅಂಶ. ಅದಕ್ಕೆ ಗ್ಯಾನಿಮೀಡಿನ ಗತಿಯ ಎರಡರಷ್ಟನ್ನು ಕೂಡಿಸಿದರೆ 304.12 ಅಂಶ. ಯುರೋಪಾದ ಗತಿಯ ಮೂರರಷ್ಟೂ ಅದೇ 304.12. ಈ ಸಮತೆ ಆಕಸ್ಮಿಕವಲ್ಲ, ಮೂರೂ ಪರಸ್ಪರ ಸೆಳೆತದಿಂದ ಅದನ್ನು ಕಾಯ್ದುಕೊಳ್ಳುತ್ತವೆ ಎಂದು ಲಾಪ್ಲಾಸ್ ಗಣಿತದಿಂದ ತೋರಿಸಿದ. ಮೂರು ಚಂದ್ರರೂ ಎಂದಿಗೂ ಒಂದೇ ಕಡೆ ಸಾಲಾಗಿ ನಿಲ್ಲಲಾರವು.

ಈ ಬೆಸುಗೆಗೆ ಚಂದ್ರರ ಒಡಲನ್ನೇ ಬದಲಿಸುವ ಶಕ್ತಿಯಿದೆ. ಅನುರಣನದಿಂದ ಅಯೊದ ಕಕ್ಷೆ ಪೂರ್ಣ ವೃತ್ತವಾಗಲಾರದು. ಗುರುವಿನ ಸೆಳೆತ ಏರಿಳಿದು ಅದರ ಒಡಲನ್ನು ನಾದುತ್ತ ಬಿಸಿ ಮಾಡುತ್ತದೆ. ಹಾಗಾಗಿ ಅಯೊದ ಒಳಗು ಕರಗಿರಬೇಕು ಎಂದು ಪೀಲ್, ಕ್ಯಾಸೆನ್, ರೆನಾಲ್ಡ್ಸ್ ಎಂಬ ವಿಜ್ಞಾನಿಗಳು 1979ರ ಮಾರ್ಚ್ ಆರಂಭದಲ್ಲಿ ಬರೆದರು. ಅದೇ ತಿಂಗಳು ವಾಯೇಜರ್-1 ನೌಕೆ ಅಯೊದ ಮೇಲೆ ಉರಿಯುವ ಜ್ವಾಲಾಮುಖಿಗಳ ಚಿತ್ರ ಕಳಿಸಿತು.

ಕೇತಕರರು ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು, ಧೈರ್ಯದ್ದೂ ಆಗಿತ್ತು. ಗುರುವಿನ ಚಂದ್ರರಲ್ಲಿ ನಡೆಯುವ ನಿಯಮ ಸೂರ್ಯನ ಹೊರಗ್ರಹಗಳಲ್ಲೂ ಏಕೆ ನಡೆಯಬಾರದು? ಯುರೇನಸ್ ಮತ್ತು ನೆಪ್ಚೂನ್ ಅಂಥ ಸರಪಳಿಯ ಎರಡು ಕೊಂಡಿಗಳಾದರೆ ಮೂರನೆಯದು ಎಲ್ಲಿರಬೇಕು?

ಅವರು ಕೊಟ್ಟ 242.28 ವರ್ಷವನ್ನೇ ಹಿಡಿದು ನಾವೂ ಲೆಕ್ಕ ಮಾಡಿ ನೋಡಬಹುದು. ವರ್ಷಕ್ಕೆ ಯುರೇನಸ್ 4.285 ಅಂಶ, ನೆಪ್ಚೂನ್ 2.184 ಅಂಶ, ಬ್ರಹ್ಮ 1.486 ಅಂಶ ಚಲಿಸುತ್ತವೆ. ಯುರೇನಸ್ಸಿನ ಗತಿಗೆ ಬ್ರಹ್ಮನ ಗತಿಯ ಮೂರರಷ್ಟನ್ನು ಕೂಡಿಸಿದರೆ 8.742. ನೆಪ್ಚೂನಿನ ಗತಿಯ ನಾಲ್ಕರಷ್ಟು 8.738. ಅಂತರ ಒಂದು ಅಂಶದ ಇನ್ನೂರರಲ್ಲಿ ಒಂದು ಭಾಗಕ್ಕೂ ಕಡಿಮೆ. ಇದು ಲಾಪ್ಲಾಸನ ಸಂಬಂಧದ ಸೋದರ ಸಂಬಂಧವೇ. ಇದರ ಅರ್ಥ ಇಷ್ಟು: ಯುರೇನಸ್ ಮತ್ತು ನೆಪ್ಚೂನ್ ಒಂದಕ್ಕೆ ಎರಡರ ಅನುಪಾತದಿಂದ ಎಷ್ಟು ತಪ್ಪಿವೆಯೋ, ನೆಪ್ಚೂನ್ ಮತ್ತು ಬ್ರಹ್ಮ ಎರಡಕ್ಕೆ ಮೂರರ ಅನುಪಾತದಿಂದ ಅಷ್ಟೇ ತಪ್ಪಿವೆ.

ಎರಡಕ್ಕೆ ಮೂರು ಎಂಬ ಈ ಅನುಪಾತವನ್ನು ನೆನಪಿಡಬೇಕು.

ಪ್ಲೂಟೊ ತೋರಿದ್ದು

ಪ್ಲೂಟೊ ಸಿಕ್ಕ ವರ್ಷವೇ, 1930ರ ಆಗಸ್ಟ್ 3ರಂದು, ವಿಜಾಪುರದಲ್ಲಿ ಕೇತಕರರು ತೀರಿಕೊಂಡರು. ಹೊಸ ಗ್ರಹದ ಕೀರ್ತಿ ಪರ್ಸಿವಲ್ ಲೊವೆಲ್‌ಗೆ ಹೋಯಿತು. ಯುರೇನಸ್ಸಿನ ನಡೆಯಲ್ಲಿ ಉಳಿದಂತೆ ಕಂಡ ವ್ಯತ್ಯಾಸಗಳಿಂದ ಅಜ್ಞಾತ ಗ್ರಹವೊಂದರ ಜಾಗ ಲೆಕ್ಕ ಹಾಕಿ ಅವರು 1915ರಲ್ಲಿ ಪ್ರಕಟಿಸಿದ್ದರು. 1846ರಲ್ಲಿ ಲೆ ವೆರಿಯೆ ನೆಪ್ಚೂನನ್ನು ಕಾಗದದ ಮೇಲೆ ಕಂಡುಹಿಡಿದ ದಾರಿಯೇ ಅದು. ಆದರೆ 1978ರಲ್ಲಿ ಪ್ಲೂಟೊದ ಚಂದ್ರ ಶ್ಯಾರನ್ ಕಂಡ ಮೇಲೆ ಪ್ಲೂಟೊದ ತೂಕ ತಿಳಿಯಿತು. ಅದು ಭೂಮಿಯ ತೂಕದ ಸುಮಾರು ಐನೂರರಲ್ಲಿ ಒಂದು ಪಾಲು ಮಾತ್ರ. ಅಷ್ಟು ಹಗುರವಾದದ್ದು ಯುರೇನಸ್ಸನ್ನು ಅಲುಗಿಸಲಾರದು. ವಾಯೇಜರ್-2 ಕೊಟ್ಟ ನೆಪ್ಚೂನಿನ ತೂಕವನ್ನು ಬಳಸಿದಾಗ ಆ ವ್ಯತ್ಯಾಸಗಳೇ ಇಲ್ಲವಾದವು ಎಂದು 1993ರಲ್ಲಿ ಮೈಲ್ಸ್ ಸ್ಟ್ಯಾಂಡಿಶ್ ತೋರಿಸಿದರು. ಲೊವೆಲ್ಲರ ಲೆಕ್ಕ ಹೊಂದಿದ್ದು ಆಕಸ್ಮಿಕ.

ಕೇತಕರರದೂ ಹಾಗೆಯೇ? ನೆಪ್ಚೂನ್ ಮೂರು ಸುತ್ತು ಬರಲು 494 ವರ್ಷ, ಪ್ಲೂಟೊ ಎರಡು ಸುತ್ತಿಗೆ 496 ವರ್ಷ. ಅಂದರೆ ಎರಡಕ್ಕೆ ಮೂರು. 1960ರ ದಶಕದಲ್ಲಿ ಕೋಹೆನ್ ಮತ್ತು ಹಬಾರ್ಡ್ ಕಂಪ್ಯೂಟರಿನಲ್ಲಿ 1,20,000 ವರ್ಷಗಳ ಚಲನೆ ಲೆಕ್ಕ ಹಾಕಿ ಇದು ನಿಜವಾದ ಅನುರಣನ ಎಂದು ಕಂಡರು. ಪ್ಲೂಟೊದ ಹಾದಿ ನೆಪ್ಚೂನಿನ ಹಾದಿಯ ಒಳಕ್ಕೂ ಬರುತ್ತದೆ. 1979ರಿಂದ 1999ರವರೆಗೆ ಅದು ನೆಪ್ಚೂನಿಗಿಂತ ಸೂರ್ಯನಿಗೆ ಹತ್ತಿರವಿತ್ತು. ಆದರೂ ಅವೆರಡು ಡಿಕ್ಕಿ ಹೊಡೆಯುವುದಿಲ್ಲ. ಪ್ಲೂಟೊ ಒಳಬರುವ ಹೊತ್ತಿಗೆ ನೆಪ್ಚೂನ್ ಯಾವಾಗಲೂ ದೂರದಲ್ಲಿರುವಂತೆ ಅನುರಣನ ಕಾಯುತ್ತದೆ.

ಹೀಗೆ ಕೇತಕರರ ಅಂಕಿ ಪ್ಲೂಟೊದ ಹತ್ತಿರ ಬಂದದ್ದಕ್ಕೆ ಒಂದು ಕಾರಣ ಸಿಗುತ್ತದೆ. ನೆಪ್ಚೂನಿನ ಆಚೆಗೆ ಎರಡಕ್ಕೆ ಮೂರರ ನೆರೆಯಲ್ಲಿ ಒಂದು ಕಾಯ ಇರಬೇಕು ಎಂಬುದು ಅವರ ಸಂಖ್ಯೆಯಲ್ಲೇ ಅಡಗಿತ್ತು, ಅಲ್ಲಿ ನಿಜವಾಗಿಯೂ ಒಂದು ಕಾಯ ಇತ್ತು. ತಪ್ಪಿದ್ದು ಯುರೇನಸ್ಸಿನ ಪಾಲು. ಪ್ಲೂಟೊ ನೆಪ್ಚೂನಿಗೆ ನೇರವಾಗಿ ಬೆಸೆದುಕೊಂಡಿದೆ, ಲಾಪ್ಲಾಸನ ಮೂರು ಕೊಂಡಿಯ ಸರಪಳಿ ಅಲ್ಲಿಲ್ಲ. ವಿಷ್ಣುವೂ ಸಿಗಲಿಲ್ಲ. ಆದ್ದರಿಂದ ಕೇತಕರರು ಪ್ಲೂಟೊ ಕಂಡುಹಿಡಿದರು ಎನ್ನುವುದು ಸರಿಯಲ್ಲ. ಅವರು ಅನುರಣನವನ್ನೇ ಹುಡುಕಾಟದ ಸಾಧನ ಮಾಡಿಕೊಂಡರು ಎನ್ನುವುದು ಸರಿ.

ಅನುರಣನ ಬರೆದ ಚರಿತ್ರೆ

ಪ್ಲೂಟೊ ಆ ಬೆಸುಗೆಗೆ ಬಿದ್ದದ್ದು ಹೇಗೆ? 1993ರಲ್ಲಿ ಇದಕ್ಕೆ ಉತ್ತರ ಕೊಟ್ಟವರೂ ಭಾರತದಲ್ಲಿ ಹುಟ್ಟಿದವರು, ದೆಹಲಿಯ ಐಐಟಿಯಲ್ಲಿ ಓದಿದ ರೇಣು ಮಲ್ಹೋತ್ರಾ. ನೆಪ್ಚೂನ್ ಈಗಿರುವ ಜಾಗದಲ್ಲಿ ಹುಟ್ಟಿದ್ದಲ್ಲ ಎಂದು ಅವರು ವಾದಿಸಿದರು. ಉಳಿದ ಸಣ್ಣಪುಟ್ಟ ಕಾಯಗಳನ್ನು ಚದುರಿಸುತ್ತ ಅದು ನಿಧಾನವಾಗಿ ಹೊರಕ್ಕೆ ಸರಿಯಿತು. ಅದರ ಜೊತೆಗೆ ಅನುರಣನದ ಜಾಗವೂ ಸರಿಯಿತು, ಸರಿಯುತ್ತ ಪ್ಲೂಟೊವನ್ನು ಹಿಡಿದುಕೊಂಡಿತು. ಪ್ಲೂಟೊದ ಕಕ್ಷೆ ಅಷ್ಟು ದೀರ್ಘವೂ ಓರೆಯೂ ಆಗಿರುವುದು ಆ ಪಯಣದ ಗುರುತು. ಇದು ನಿಜವಾದರೆ ಅದೇ ಅನುಪಾತದಲ್ಲಿ ಸಿಕ್ಕಿಬಿದ್ದ ಇನ್ನೂ ಅನೇಕ ಕಾಯಗಳಿರಬೇಕಿತ್ತು. ಅಂಥವು ಸಾಲುಸಾಲಾಗಿ ಸಿಕ್ಕವು. ಈಗ ಅವುಗಳಿಗೆ ಪ್ಲೂಟಿನೊ ಎಂದೇ ಹೆಸರು.

2005ರಲ್ಲಿ ಸಿಗಾನಿಸ್, ಗೋಮೆಸ್, ಮೊರ್ಬಿಡೆಲ್ಲಿ, ಲೆವಿಸನ್ ಇನ್ನೂ ದೊಡ್ಡ ಚಿತ್ರ ಮುಂದಿಟ್ಟರು. ಗುರು ಮತ್ತು ಶನಿ ನಿಧಾನವಾಗಿ ಸರಿಯುತ್ತ ಒಮ್ಮೆ ಒಂದಕ್ಕೆ ಎರಡರ ಅನುಪಾತವನ್ನು ದಾಟಿದವು, ಆ ಹೊಡೆತಕ್ಕೆ ಯುರೇನಸ್ ಮತ್ತು ನೆಪ್ಚೂನ್ ಹೊರಕ್ಕೆ ಚದುರಿದವು ಎಂಬುದು ಅವರ ವಾದ. ಈಚಿನ ಅಧ್ಯಯನಗಳಲ್ಲಿ ಹಲವರು ಇನ್ನೂ ಹಿಂದೆ ಹೋಗುತ್ತಾರೆ. ಸೂರ್ಯನ ಸುತ್ತ ಅನಿಲದ ತಟ್ಟೆ ಇದ್ದ ಕಾಲದಲ್ಲಿ ದೈತ್ಯಗ್ರಹಗಳು ಅನುರಣನದ ಸರಪಳಿಯಲ್ಲೇ ಇದ್ದವು, ಅನಿಲ ಚದುರಿದ ಮೇಲೆ ಅದು ಕಡಿಯಿತು ಎನ್ನುತ್ತಾರೆ. ಇದು ಸರಿಯಾದರೆ ಕೇತಕರರು ಹುಡುಕಿದ ಸರಪಳಿ ನಮ್ಮ ಸೌರಮಂಡಲದಲ್ಲಿ ಒಂದು ಕಾಲಕ್ಕೆ ಇತ್ತು. ಅವರು ನೋಡುವ ಹೊತ್ತಿಗೆ ಅದು ಮುರಿದು ನಾಲ್ಕು ನೂರು ಕೋಟಿ ವರ್ಷಗಳಾಗಿದ್ದವು.

ಮುರಿಯದೆ ಉಳಿದ ಸರಪಳಿಗಳು ಬೇರೆ ನಕ್ಷತ್ರಗಳ ಸುತ್ತ ಸಿಕ್ಕವು. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್-1 ನಕ್ಷತ್ರಕ್ಕೆ ಏಳು ಗ್ರಹಗಳಿವೆ ಎಂದು 2017ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಏಳನೆಯದು ಒಮ್ಮೆ ಮಾತ್ರ ಕಂಡಿತ್ತು, ಅದರ ಅವಧಿ ಗೊತ್ತಿರಲಿಲ್ಲ. ರಾಡ್ರಿಗೊ ಲೂಗರ್ ಮತ್ತು ಸಂಗಡಿಗರು ಒಳಗಿನ ಗ್ರಹಗಳಲ್ಲಿ ಲಾಪ್ಲಾಸ್ ಸಂಬಂಧ ನಡೆಯುತ್ತಿರುವುದನ್ನು ನೋಡಿ, ಅದೇ ಸಂಬಂಧದಿಂದ ಏಳನೆಯದರ ಅವಧಿಯನ್ನು ಊಹಿಸಿದರು. ಕೆಪ್ಲರ್ ದೂರದರ್ಶಕದ ಮಾಹಿತಿಯಲ್ಲಿ ಹುಡುಕಿದಾಗ 18.77 ದಿನ ಎಂದು ಖಚಿತವಾಯಿತು. 2023ರ ನವೆಂಬರಿನಲ್ಲಿ ರಫಾಯೆಲ್ ಲೂಕೆ ಅವರ ತಂಡ ಎಚ್‌ಡಿ 110067 ಎಂಬ ನಕ್ಷತ್ರದ ಆರು ಗ್ರಹಗಳನ್ನು ವರದಿ ಮಾಡಿತು. ಒಳಗಿನ ಮೂರರ ಅನುಪಾತ ತಿಳಿದ ಮೇಲೆ ಹೊರಗಿನ ಮೂರನ್ನು ಎಲ್ಲಿ ಹುಡುಕಬೇಕು ಎಂದು ಅನುರಣನವೇ ಹೇಳಿತು. ಕಂಡ ಎರಡು ಮೂರು ಕಾಯಗಳ ಗತಿಯಿಂದ ಕಾಣದ ಇನ್ನೊಂದರ ಗತಿ ತೆಗೆಯುವ ಈ ಕೆಲಸವನ್ನು 1911ರಲ್ಲಿ ಕೇತಕರರು ಕಾಗದದ ಮೇಲೆ ಮಾಡಿದ್ದರು.

ಇವತ್ತು ಕೇತಕರರ ಹೆಸರು ಪಂಚಾಂಗದವರಿಗೆ ಗೊತ್ತು, ಖಗೋಳ ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಇದು ಬದಲಾಗಬೇಕು. ಅವರ ಫ್ರೆಂಚ್ ಲೇಖನ ಕನ್ನಡಕ್ಕೆ ಬರಬೇಕು. ಹುಬ್ಬಳ್ಳಿ ಧಾರವಾಡದ ಕಾಲೇಜುಗಳಲ್ಲಿ ಕೆಪ್ಲರನ ನಿಯಮ ಕಲಿಸುವಾಗ ಅವರ ಲೆಕ್ಕವನ್ನು ಫಲಕದ ಮೇಲೆ ಬಿಡಿಸಬೇಕು: ಯುರೇನಸ್ಸಿನ ಗತಿ, ಬ್ರಹ್ಮನ ಗತಿಯ ಮೂರರಷ್ಟು, ನೆಪ್ಚೂನಿನ ಗತಿಯ ನಾಲ್ಕರಷ್ಟು. ಎಲ್ಲಿಯವರೆಗೆ ಸರಿ, ಎಲ್ಲಿ ತಪ್ಪಿತು ಎಂದು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ. ಲೆಕ್ಕಕ್ಕೂ ಆಕಾಶಕ್ಕೂ ಅಂತರ ಬಿದ್ದಾಗ ಲೆಕ್ಕವನ್ನೇ ತಿದ್ದಬೇಕು ಎಂಬುದಕ್ಕೆ ಬಾಳನ್ನೆಲ್ಲ ಕೊಟ್ಟವರಿಗೆ, ಅವರ ಲೆಕ್ಕವನ್ನು ಹೀಗೆ ಒರೆಗೆ ಹಚ್ಚುವುದೇ ತಕ್ಕ ಗೌರವ.